ಸೈನಿಯ ಮೇಲಿನ ದೂರು

ಗೋಣಿಚೀಲ ಯಾಕಣ್ಣ ತಂದೆ? ಇದೇನು ನಾಯಿನೋ ಕಡ್ಲೆಕಾಯಿನೋ, ತುಂಬ್ಕೊಂಡು ಓಗಕ್ಕೆ? ಮೇಲೆ ಚೈನು ಬೇರೆ. ಎಮ್ಮೆ ಕಟ್ಟೋ ಚೈನಲ್ವಾ ಅದು? ಕೆಳಗಿಡು... ಅಂಗಲ್ಲ, ಮೆತ್ತಗೆ, ಸದ್ದಾಗ್ದಂಗೆ. ಆ ಸದ್ದು ಕೇಳಿದ್ರೆ ಅದಕ್ಕೆ ಆಗಲ್ಲ. ಕುಂತ್ಕೊ. ಅದರ ಮುಖ ನೋಡ್ಬೇಡ, ಕಣ್ಣಲ್ಲಿ ಕಣ್ಣಿಟ್ರೆ ಜಗಳಕ್ಕೆ ಬಂದವ್ನೆ ಅನ್ಕೊಳ್ತದೆ. ಗೋಡೆ ನೋಡು. ಕ್ಯಾಲೆಂಡರ್ ನೋಡು.

ನಗು, ನಗು. ಬೂದಿಕೋಟೆಯಿಂದ ಹಾಲಿನ ಟೆಂಪೋ ಖಾಲಿ ಮಾಡ್ಕೊಂಡು ಬಂದು, ಉರಿಗಾಂನಲ್ಲಿ ತಂಗಿ ಮನೆ ಕ್ಯಾಲೆಂಡರ್ ನೋಡ್ತಾ ಕೂರಂಗಾಯ್ತಲ್ಲ ಅಂತ ನಗ್ತಿದೀಯ. ನಿನ್ನ ಕಳ್ಸಿದೋರು ಯಾರು ಅಂತ ನಂಗೊತ್ತಿಲ್ವಾ? ನನ್ ಗಂಡ, ಬೈರೇಶ್ ಸಾಹೇಬ್ರು. "ವೇಣು, ನಿನ್ ತಂಗಿ ಅರುಣ ಮನೇಲಿ ಹುಲಿ ಸಾಕವ್ಳೆ, ಬಂದು ಎತ್ತಾಕ್ಕೊಂಡು ಓಗು" ಅಂತ ಫೋನ್ ಮಾಡಿರ್ತಾರೆ. ತಾವು ಮಾತ್ರ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಡ್ಯೂಟಿಗೆ. ಫ್ಯಾಕ್ಟ್ರೀಲಿ ಒಂದು ಶೆಡ್ಡು ಜನಕ್ಕೆ ಸೂಪರ್‌ವೈಸರು ಕಣಣ್ಣ ಅವ್ರು. ಮನೇಲಿ? ಭಾನುವಾರದಿಂದ ಮಂಚದ ಮೇಲೆ ನಿಂತ್ಕೊಂಡು ಟೀ ಕುಡೀತಾರೆ. ನಿನ್ನಾಣೆ. ಚಪ್ಪಲಿ ಮೆಟ್ಕೊಂಡು, ಮಂಚದ ಮೇಲೆ. ಸಕ್ಕರೆ ಸಾಲ್ದು ಅಂದ್ರೆ ಕೆಳಗಿಳಿಯಂಗಿಲ್ಲ, ಅಲ್ಲಿಂದಲೇ ಲೋಟ ಚಾಚ್ತಾರೆ.

ಎದ್ರುಕೋಬೇಡ. ಗುರ್ ಅಂದಿದ್ದು ನಿನ್ನ ಮೇಲಲ್ಲ, ನಿನ್ ಪ್ಯಾಂಟಿನ ಸಗಣಿ ವಾಸ್ನೆ ಮೇಲೆ. ಇದು ಟೌನ್ ನಾಯಿ. ಹಸು ನೋಡಿಲ್ಲ.

ಸೈನಿ ಅಂತ ಅದರ ಹೆಸರು. ಸೈನೈಡ್ ದಿಬ್ಬದ ತಾವ ಸಿಕ್ತಲ್ಲ, ಅದಕ್ಕೇ. ಚಿನ್ನದ ಗಣಿಯಿಂದ ತೆಗೆದು ಸುರಿದವ್ರಲ್ಲ, ಬೂದಿ ಬಣ್ಣದ ಮಣ್ಣಿನ ಗುಡ್ಡ, ಅದರ ಬುಡದಾಗೆ ಬಿದ್ದಿತ್ತು. ಕುತ್ತಿಗೆಗೆ ಯಾವನೋ ಬೈಂಡಿಂಗ್ ವೈರು ಬಿಗಿದಿದ್ದ. ಮಾಂಸದೊಳಕ್ಕೆ ಇಳಿದೋಗಿತ್ತು. ನಾನೂ ಪಕ್ಕದ ಮನೆ ಪಾಪಕ್ಕನೂ ರೇಷನ್ ತಗೊಂಡು ಬತ್ತಾ ಇದ್ವಿ. ಪಾಪಕ್ಕ, "ಅದರ ಕತೆ ಮುಗೀತು, ಬಾರಮ್ಮ" ಅಂದ್ಲು. ಅಷ್ಟಕ್ಕೆ ಅದು ತಲೆ ಎತ್ತಿ, ಹಲ್ಲು ಬಿಟ್ಟು, ಪಾಪಕ್ಕನ್ನ ಬೈತು. ಸಾಯಕ್ಕೆ ಬಿದ್ದಿರೋ ನಾಯಿಗೆ ಇಷ್ಟು ಪೊಗರಾ ಅನ್ನಿಸ್ತು. ಅದೇ ನಂಗೆ ಇಷ್ಟ ಆಗೋಯ್ತು. ಆಟೋಲಿ ಆಕ್ಕೊಂಡು ದನದಾಸ್ಪತ್ರೆಗೆ ಓದೆ. ಹುಚ್ಚುನಾಯಿ ಸೂಜಿನೂ ಆಕ್ಸಿದೀನಿ, ಅದೊಂದು ಭಯ ನಿಂಗೆ ಬೇಡ.

ಒಪ್ಕೋತೀನಿ, ಮೊದಮೊದಲು ರಾಕ್ಷಸಿನೇ. ಹೆಲ್ಮೆಟ್ ಕಂಡ್ರೆ ಆಗಲ್ಲ, ಕೋಲು ಕಂಡ್ರೆ ಆಗಲ್ಲ, ಯಾರಾದ್ರೂ ಜೋರಾಗಿ ಮಾತಾಡಿದ್ರೆ ಆಗಲ್ಲ. ಗ್ಯಾಸಿನೋನು ಬೀದಿ ಕೊನೇಲಿ ಸಿಲಿಂಡರ್ ಇಳಿಸಿ, "ಉರುಳಿಸ್ಕೊಂಡು ಓಗಕ್ಕಾ" ಅಂತ ಓಟ ಕೀಳೋನು. ನಾನು ಸೀರೆ ಎತ್ಕಟ್ಟಿ ಉರುಳಿಸ್ಕೊಂಡು ಬತ್ತಿದ್ದೆ. ಬೀದಿಗೆಲ್ಲ ಪುಕ್ಕಟೆ ಸಿನಿಮಾ.

ಕಲ್ಸೋದು ಎಂಗೆ ಅಂತೀಯಾ? ಫೋನ್ ಐತಲ್ಲ. ಅದರಾಗೆ ಒಬ್ಬ ದೊರೆಸಾನಿ ನಾಯಿಗೆ ಪಾಠ ಹೇಳ್ತಾಳೆ. ನಾಯಿ ಕೋಪ ಮಾಡ್ಕೊಂಡ್ರೆ ಒಂದು ತುಂಡು ಚೀಸ್ ಕೊಡಿ ಅಂತಾಳೆ. ನಮ್ಮೂರಲ್ಲಿ ಮಕ್ಕಳಿಗೇ ಚೀಸಿಲ್ಲ. ಕೋಳಿ ಅಂಗಡೀಲಿ ಲಿವರು ತಂದು ಬೇಯಿಸಿ, ಚೂರು ಮಾಡಿ ಸೆರಗಲ್ಲಿ ಕಟ್ಕೊಂಡೆ. ಸಾಹೇಬ್ರು ಮೂಗು ಮುಚ್ಕೊಂಡು, "ಗಂಡಂಗೆ ಸೊಪ್ಪು ಸಾರು, ನಾಯಿಗೆ ಲಿವರಾ" ಅಂದ್ರು. ನಾಯಿ ಕೊಟ್ಟಿದ್ದು ತಿಂದು ಬಾಲ ಆಡಿಸ್ತದಲ್ಲ ಅಂದೆ. ಬಾಯಿಬಿಟ್ಟು ಅಲ್ಲ, ಮನಸ್ಸಲ್ಲಿ.

ಭಾಷೆದು ಇನ್ನೊಂದು ತಮಾಷೆ. "ಕೂತ್ಕೊ, ಕೂತ್ಕೊ" ಅಂತ ಗಂಟಲು ಹರ್ಕೊಂಡೆ, ಕಲ್ಲಿನಂಗೆ ನಿಂತಿತ್ತು. ಆಚೆಯಿಂದ ಪಾಪಕ್ಕ ಇಣುಕಿ "ಉಕ್ಕಾರು" ಅಂದ್ಲು. ತಟ್ಟಂತ ಕೂತ್ಕೊಳ್ತು. ತಮಿಳು ನಾಯಿ! ಆಮೇಲೆ ಕನ್ನಡ ನಾನು ಕಲಿಸ್ದೆ.

ಅದಕ್ಕೆ ಯಾವುದು ಕಂಡ್ರೆ ಭಯವೋ ಅದನ್ನ ದೂರದಿಂದ ತೋರಿಸ್ಬೇಕು ಕಣಣ್ಣ, ಸಿಟ್ಟು ಬರೋಕೆ ಮುಂಚೆನೇ ತುತ್ತು ಕೊಡ್ಬೇಕು. ಪಾಪಕ್ಕ ದಿನಾ ಮೈದಾನದ ಆ ತುದೀಲಿ ಊರುಗೋಲು ಹಿಡ್ಕೊಂಡು ನಿಲ್ಲೋಳು, ಈ ತುದೀಲಿ ನಾವಿಬ್ರು. ಗುರ್ ಅಂದ್ರೆ ಬೈಯಂಗಿಲ್ಲ, ಸುಮ್ನೆ ಹಿಂದಕ್ಕೆ ಬಂದ್ಬಿಡ್ಬೇಕು. ಸುಮ್ಕಿದ್ರೆ ಲಿವರು. ದಿನಕ್ಕಿಷ್ಟು ಅಂತ ಹತ್ರ ಬರೋದು. ಬೀದಿಯೋರು, "ಏನಮ್ಮ, ನಾಯಿ ಎಸ್ಸೆಸ್ಸೆಲ್ಸಿ ಕಟ್ತದಾ?" ಅಂತ ಆಡ್ಕೊಂಡ್ರು. ಆಡ್ಕೊಳ್ಲಿ. ಈಗ ಪಾಪಕ್ಕ ಅದರ ತಲೆ ಮೇಲೆ ಕೋಲೆತ್ತಿದ್ರೂ ಅದು ಕೋಲು ನೋಡಲ್ಲ, ನನ್ ಸೆರಗು ನೋಡ್ತದೆ. ಗ್ಯಾಸಿನೋನು ಬಾಗಿಲಿಗೇ ಬತ್ತಾನೆ. ಬಾಯಲ್ಲಿ ಏನಿದ್ರೂ, ಮೂಳೆನೇ ಇರ್ಲಿ, ನಾನು "ಬಿಡು" ಅಂದ್ರೆ ಬಿಡ್ತದೆ. ಕಲಿಯಕ್ಕೆ ತುಂಬಾ ದಿನ ಏನೂ ಬೇಕಾಗಿಲ್ಲ. ಕೆಲವ್ರು ಬಿ.ಕಾಂ. ಮಾಡಿದ್ರೂ ಆ ಮಾತು ಕಲ್ತಿರಲ್ಲ.

ಯಾರಿಗಂದೆ ಅಂದ್ರೆ? ಸುಮ್ನೆ ಅಂದೆ.

ಭಾನುವಾರದ ವಿಷ್ಯನಾ... ಅದೇನು ದೊಡ್ಡ ವಿಷ್ಯ. ಇವ್ರು ಬಾಲ ತುಳಿದ್ರು, ಅದು ಕಚ್ತು. ನಿನ್ ಬಾಲ ತುಳಿದ್ರೆ ನೀನು ಕಚ್ಚಲ್ವಾ? ದಾರೀಲಿ ಮಲಗಿತ್ತು, ಇವ್ರು ಫೋನ್ ನೋಡ್ಕೊಂಡು ಬಂದ್ರು, ತುಳಿದ್ರು. ಅಷ್ಟಕ್ಕೇ ಊರೆಲ್ಲ ಫೋನು.

ಏನದು? ಗಾಯದ ಫೋಟೋನಾ? ನಿಂಗೂ ಕಳ್ಸವ್ರಾ? ಶಿವನೇ, ಫೋಟೋ ತೆಗೆಯಕ್ಕೆ ಲೈಟ್ ಆಕಿ, ಕೆಳಗೆ ಬಿಳೀ ಟವೆಲ್ ಹಾಸವ್ರೆ. ಮದುವೆ ಆಲ್ಬಮ್ಮಿಗೂ ಇಷ್ಟು ಚೆನ್ನಾಗಿ ನಿಂತಿರ್ಲಿಲ್ಲ.

ಹೂಂ. ಕೈಯೇ. ಮಣಿಕಟ್ಟಿನ ಮೇಲೆ.

ತುಳಿದಿದ್ದು ಕಾಲಲ್ಲಾದ್ರೆ ಕಾಲಿಗೆ ಕಚ್ಬೇಕಿತ್ತಲ್ಲ ಅಂತೀಯ. ಹಾಲಿನ ಲೆಕ್ಕ ನೋಡಿ ನೋಡಿ ನೀನೂ ಲಾಯರ್ ಆಗೋದೆ. ತುಳಿದಿರ್ಲಿಕ್ಕಿಲ್ಲ ಬಿಡು. ಅವ್ರು... ತಂತಿ ಮೇಲಿಂದ ಟವೆಲ್ ಎಳ್ಕೊಳಕ್ಕೆ ಕೈ ಎತ್ತಿದ್ರು. ಅದು ಎದ್ರುಕೊಂಡು ಹಾರ್ತು. ನಾಯಿಗೆ ಏನು ಗೊತ್ತಾಗ್ತದೆ, ಟವೆಲ್ಲೋ ಏನೋ ಅಂತ.

ಟೀ ಕುಡಿ, ಆರೋಯ್ತದೆ.

ಯಾಕಣ್ಣ ಲೋಟ ಕೆಳಗಿಟ್ಟೆ? ಈಗ ತಾನೆ ಮಂಚದ ಮೇಲೆ ಟೀ ಅಂದಾಗ ನಗ್ತಿದ್ದೆ. ಇನ್ನೊಂದು ಹೇಳ್ತೀನಿ ಕೇಳು, ಅವ್ರು ಬಚ್ಚಲಿಗೆ ಓಗ್ಬೇಕಾದ್ರೂ ಕೊಡೆ ಹಿಡ್ಕೊಂಡು ಓಗ್ತಾರೆ, ಬಿಚ್ಕೊಂಡು, ಗುರಾಣಿ ಇದ್ದಂಗೆ... ನಗು ಬರ್ಲಿಲ್ವಾ?

ನನ್ನ ಅಂಗೆ ನೋಡ್ಬೇಡ. ಕ್ಯಾಲೆಂಡರ್ ನೋಡು ಅಂದಿದ್ನಲ್ಲ.

ಪಾಪಕ್ಕ ಕೋಲೆತ್ತಿದ್ರೂ ಅಲ್ಲಾಡದ ನಾಯಿ ಟವೆಲ್ಲಿಗೆ ಯಾಕೆ ಹಾರ್ತು, ಅದೇ ತಾನೆ ನಿನ್ ತಲೇಲಿ ಓಡ್ತಿರೋದು? ಕೇಳ್ಬಿಡು ಬಾಯಿಬಿಟ್ಟು. ಕೇಳಲ್ಲ. ಚಿಕ್ಕೋನಿದ್ದಾಗಿಂದಲೂ ನೀನು ಇಂಗೇ. ಸುಮ್ನೆ ಕೂತ್ಬಿಡ್ತೀಯ, ಎದುರಿಗಿರೋರು ತಾವಾಗೇ ಬಾಯಿಬಿಡೋಗಂಟ.

ಅದು ಒಲೆ ಪಕ್ಕ ಮಲಗಿತ್ತು. ಇವ್ರು ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ರು. ಇವ್ರ ಎದುರಿಗಿದ್ದೋಳು ನಾನೊಬ್ಳೇ.

ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಅಷ್ಟೇ. ಬೇರೆ ದಿನ ಅಷ್ಟು ಕಾರಣನೂ ಇರಲ್ಲ.

ಯಾವಾಗಲೂ ಅವ್ರು ಬರೋ ಹೊತ್ತಿಗೆ ನಾನೇ ಸೈನಿನ ಹಿತ್ಲಲ್ಲಿ ಕಟ್ಬಿಡ್ತಿದ್ದೆ. ರಂಪ ಬೇಡ ಅಂತ. ಒಳಗೆ ಸದ್ದಾದ್ರೆ ಅದು ಬಾಗಿಲು ಕೆರೆಯೋದು. ಬೀದಿಯೋರು ನಾಯಿ ಇನ್ನೂ ಸರಿಹೋಗಿಲ್ಲ ಅನ್ಕೊಳ್ಳೋರು. ನಾನೂ ಹೌದು, ಇನ್ನೂ ಕಲೀತಾ ಐತೆ ಅಂತಿದ್ದೆ. ಭಾನುವಾರ ರಜ ಅಲ್ವಾ, ಅವ್ರು ಮನೇಲೇ ಇದ್ರು, ಎಷ್ಟೊತ್ತು ಕಟ್ಟಾಕಲಿ ಅಂತ ಈ ಸಲ ಒಳಕ್ಕೆ ಬಿಟ್ಟಿದ್ದೆ. ಕೈ ಎತ್ತಿದ್ರು, ಇಳಿಸೋಕೆ ಮುಂಚೆ ಅದು ಹಿಡ್ಕೊಂಡಿತ್ತು. ಬೊಗಳಲಿಲ್ಲ, ಗುರ್ ಅನ್ನಲಿಲ್ಲ.

ಎಲ್ಲಿಗೆ ಏಳ್ತೀಯ? ಅವ್ರು ಈಗ ಫ್ಯಾಕ್ಟ್ರೀಲವ್ರೆ. ಬೆಂಗಳೂರು ಗಂಟ ಟೆಂಪೋ ಓಡಿಸ್ತೀಯಾ? ಕುಂತ್ಕೊ. ಪೂರ್ತಿ ಕೇಳು. ಇನ್ನೂ ಒಂದೈತೆ, ಅದನ್ನ ಪಾಪಕ್ಕಂಗೂ ಹೇಳಿಲ್ಲ.

ಅವ್ರು ಕೂಗ್ಕೊಂಡ್ರು. ಬಿಡು ಅಂದ್ರು. ಬಿಡ್ಲಿಲ್ಲ. ತಮಿಳಲ್ಲಿ ವಿಡು ಅಂದ್ರು. ತೆಲುಗಲ್ಲಿ ವದಲು, ವದಲು ಅಂದ್ರು. ಮೂರು ಭಾಷೆನೂ ಆಯ್ತು. ಅದು ನನ್ ಮುಖ ನೋಡ್ತಿತ್ತು, ಬಾಯಲ್ಲಿ ಕೈ ಇಟ್ಕೊಂಡು. ಅದಕ್ಕೆ ನಾನು ಹೇಳ್ಬೇಕಿತ್ತು. ನಾನೊಂದು ಸಲ ಅಂದಿದ್ರೆ ಆಗೋಗ್ತಿತ್ತು.

ಅನ್ನಲಿಲ್ಲ.

ಮರ್ತೋಗಿ ಅಲ್ಲ, ಗಾಬರಿಯಾಗಿನೂ ಅಲ್ಲ. ಮಾತು ನಾಲಿಗೆ ಮೇಲೇ ಇತ್ತು. ಅವ್ರು ಬಿಡು ಬಿಡು ಅಂತ ಕೂಗ್ತಿದ್ರಲ್ಲ, ಅದೇ ಮಾತು ಈ ಮನೇಲಿ ನಾನು ಕೂಗಿದಾಗ ಅವ್ರಿಗೆ ಎಂಗೆ ಕೇಳಿಸ್ತಿತ್ತು, ಇಂಗೇನಾ, ಅಂತ ನಿಂತು ಕೇಳಿಸ್ಕೊಂಡೆ. ಗೋಡೆಗೆ ಒರಗಿಕೊಂಡು. ಆಮೇಲೆ ಹೇಳ್ದೆ, ಮೆತ್ತಗೆ. ತಕ್ಷಣ ಬಿಡ್ತು. ಬಂದು ನನ್ ಕಾಲ ತಾವ ಕೂತು, ಲಿವರ್ ಕೊಡ್ತೀನಾ ಅಂತ ಮುಖ ನೋಡ್ತು.

ಕೊಟ್ಟೆ ಕಣಣ್ಣ. ಪಾಠ ಒಪ್ಪಿಸಿದ್ರೆ ಕೊಡ್ಬೇಕಲ್ವಾ?

ಅಳ್ಬೇಡ. ಗಂಡಸು ನೀನು, ನಾಯಿ ಮುಂದೆ ಅಳ್ತಾರಾ? ನೋಡು, ಅದಕ್ಕೆ ನಿನ್ ಮೇಲೆ ಅನುಮಾನ ಓಯ್ತು, ಬಾಲ ಇಳಿಸ್ತು. ಬೇಕಾದ್ರೆ ಈಗ ಅದರ ಮುಖ ನೋಡ್ಬೋದು.

ಅವ್ವ ಕೇಳಿದ್ರೆ ನಾಯಿ ಕಚ್ತು ಅಂತ್ಲೇ ಹೇಳು. ಅವ್ಳಿಗೆ ಅಳಿಯ ಅಂದ್ರೆ ಮೊದಲೇ ಬಂಗಾರ... ಬೇಡ. ಇದ್ದಿದ್ದು ಇದ್ದಂಗೆ ಹೇಳು. ನೀನು ಹೇಳ್ಬೇಡ, ನಾನೇ ಹೇಳ್ತೀನಿ.

ಏನು ಹುಡುಕ್ತಿದೀಯ ಅಟ್ಟದ ಮೇಲೆ? ಬ್ಯಾಗಾ? ಅದಲ್ಲ, ಅದರ ಜಿಪ್ಪು ಹರಿದೈತೆ. ಪಕ್ಕದ ನೀಲಿದು. ಒಂದೆರಡು ಸೀರೆ ಸಾಕು. ಪಾಪಕ್ಕಂಗೆ ಬೀಗದ ಕೈ ಕೊಟ್ಟು ಬತ್ತೀನಿ.

ಟೆಂಪೋ ಹಿಂದಿನ ಬಾಗಿಲು ತೆಗಿ. ಚೈನು ಬೇಡ, ಚೀಲನೂ ಬೇಡ, ದೂರ ನಿಂತ್ಕೊ. ಗಾಡಿ ಹತ್ತೋದು ಅದಕ್ಕಿನ್ನೂ ಕಲಿಸಿಲ್ಲ. ನಾನು ಮೊದಲು ಹತ್ತಿ ಕೂತ್ರೆ, ಹಿಂದೆ ಬತ್ತದೆ.