ಟೈಲರಮ್ಮನ ಒಂದು ಓಟು

ಗಂಟಲು ಡಾಕ್ಟರ ಕೋಣೆಯಿಂದ ಹೊರಬಂದ ಟೈಲರಮ್ಮ, ಮೈದುನನ ಜೊತೆ ನನ್ನ ಪಕ್ಕದಲ್ಲೇ ಔಷಧಿಗೆ ಕಾಯುತ್ತ ಕುಳಿತರು. ನಗರಸಭೆ ಚುನಾವಣೆಗೆ ನಿಂತು, ಮನೆಮನೆ ತಿರುಗಿ ಆಕೆಯ ದನಿ ಬಿದ್ದುಹೋಗಿತ್ತು.

“ಒಂದೇ ಓಟಲ್ಲಿ ಸೋತ್ರಲ್ಲ ಅತ್ತಿಗೆ! ಅಣ್ಣನೇ ಮೋಸ ಮಾಡ್ದ ಅಂತ ಬೀದಿಯೆಲ್ಲ ಆಡ್ಕೊಳ್ತಿದೆ.”

“ಪಾಪ, ಅವರು ನನಗೇ ಹಾಕಿದಾರೆ ಕಣೋ.”

“ಮತ್ತೆ ಮೋಸ ಮಾಡ್ದೋರು ಯಾರು?”

“ನಾನೇ.”

“ಏನು!”

“ಮೆಲ್ಲಗೆ!”

ನಾನು ಗಾಬರಿಯಿಂದ ಪತ್ರಿಕೆಯಲ್ಲಿ ಮುಖ ಹುದುಗಿಸಿದೆ.

“ನನಗೆ ನಾನೇ ಹಾಕ್ಕೊಳ್ಳೋಕೆ ಒಂಥರಾ ನಾಚಿಕೆ ಆಯ್ತು. ಎದುರು ನಿಂತಿದ್ದ ಟೀಚರಮ್ಮಂಗೆ ಒತ್ತಿಬಿಟ್ಟೆ.”

“ಅಯ್ಯೋ ಮಹಾತಾಯಿ! ನಿಮಗೇ ಒತ್ತಿದ್ರೆ ಗೆದ್ದಿರ್ತಿದ್ರಿ. ಅಣ್ಣಂಗಾದ್ರೂ ಹೇಳ್ತೀರಾ?”

ಕಾಂಪೌಂಡರ್ ಕರೆದ. ಆಕೆ ಎದ್ದರು.

“ಯಾರಿಗೂ ಹೇಳಲ್ಲಪ್ಪ. ಹದಿನೈದು ದಿನ ಬಾಯಿ ಬಿಡಬೇಡಿ ಅಂತ ಡಾಕ್ಟರೇ ಹೇಳಿದಾರಲ್ಲ.”