ಬದುಕಿದ್ದ ಸಚಿವನಿಗಾಗಿ ಅತ್ತ ಪ್ರಕರಣ

ಹೆಸರು ಎಲ್ಯಾಕಿಮ್ ಜೆರೆ, ವಯಸ್ಸು 61, ಕುಲ ಎನ್ಗೋನಿ, ಈಗಿನ ಉದ್ಯೋಗ ಸಚಿವ, ಹಿಂದಿನ ಉದ್ಯೋಗ ಶಾಲಾ ಮಾಸ್ತರಿಕೆ ಮತ್ತು ಹತ್ತೊಂಬತ್ತು ವರ್ಷ ವಿರೋಧ ಪಕ್ಷ. ವಾಸ ಲುಸಾಕಾ, ಸ್ವಂತ ಊರು ಜಾಂಬಿಯಾದ ಪೂರ್ವ ಪ್ರಾಂತ್ಯದ ಮ್ಟೆಂಗೊ. ಈ ದಿನ ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ಮ್ಟೆಂಗೊ ಠಾಣೆಗೆ ನಾನಾಗಿಯೇ ಬಂದು ಸಾರ್ಜೆಂಟ್ ಕಪಾಸೊ ಅವರ ಮುಂದೆ ಹೇಳಿ ಬರೆಸುತ್ತಿರುವುದು ಇಷ್ಟು.

ಸಚಿವರನ್ನು ನಿಂದಿಸಿದ್ದಕ್ಕಾಗಿ ತಾವು ಹಿಡಿದಿಟ್ಟಿರುವ ಪ್ರಿಸ್ಕಾ ಕಫ್ವಿಂಬಿ, ವಯಸ್ಸು 70, ಬಸ್ ನಿಲ್ದಾಣದಲ್ಲಿ ಬೋಂಡಾ ಕರಿದು ಮಾರುವವರು, ಬೆಂಬಾ ಕುಲದವರು. ನಮ್ಮ ಎರಡು ಕುಲಗಳ ಅಜ್ಜಂದಿರು ಈಟಿ ಹಿಡಿದು ಕಾದಾಡಿದವರು. ಆ ಜಗಳ ಮುಗಿದ ಮೇಲೆ ಬೈಗುಳವನ್ನೇ ನೆಂಟಸ್ತಿಕೆ ಮಾಡಿಕೊಂಡೆವು. ಅವರು ನಮ್ಮನ್ನು ಇಲಿ ತಿನ್ನುವವರು ಎನ್ನಬಹುದು, ನಾವು ಅವರನ್ನು ಕೋತಿ ತಿನ್ನುವವರು ಎನ್ನಬಹುದು, ಯಾರೂ ಸಿಟ್ಟಾಗುವಂತಿಲ್ಲ. ಪ್ರಕರಣ ನಿಂತಿರುವುದೇ ಮಾತಿನ ಮೇಲಾದ್ದರಿಂದ ಆಕೆಯ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಲು ಕೋರುತ್ತೇನೆ.

1994ರಲ್ಲಿ ಕೆಲಸ ಬಿಟ್ಟು ವಿರೋಧ ಪಕ್ಷ ಸೇರಿದೆ. ಮೊದಲ ಭಾಷಣ ಮಾಡಿದ್ದು ಆಕೆಯ ಬೋಂಡಾ ಮಾರುವ ಬೆಂಚಿನ ಮೇಲೆ ನಿಂತು. 1996ರ ಚುನಾವಣೆಯಲ್ಲಿ ಸೋತೆ. ಮರುದಿನ ಬೆಳಿಗ್ಗೆ 6 ಗಂಟೆಗೆ ಆಕೆ ಮುಖಕ್ಕೆ ಹಿಟ್ಟು ಬಳಿದುಕೊಂಡು ನಮ್ಮ ಅಂಗಳದಲ್ಲಿ ಕುಳಿತು ಹೆಣದ ಮುಂದೆ ಅಳುವಂತೆ ಅತ್ತರು. "ಅಯ್ಯೋ ಇಲಿ ತಿನ್ನೋನೇ, ಹೋಗ್ಬಿಟ್ಯಲ್ಲೋ! ಹೊಲದ ಇಲಿಗಳನ್ನ ಇನ್ಯಾರು ವಿಚಾರ್ಸ್ಕೋತಾರೋ!" ಸತ್ತವನು ಉತ್ತರ ಕೊಡುವವರೆಗೆ ಅಳು ನಿಲ್ಲಬಾರದೆಂಬುದು ಆಕೆ ಹಾಕಿಕೊಂಡ ನಿಯಮ. ನಾನು ಹಾಸಿಗೆಯಿಂದಲೇ, "ಕೋತಿ ತಿನ್ನೋಳೇ, ಬಾಯ್ಮುಚ್ಚು, ನಾನಿನ್ನೂ ಬದುಕಿದೀನಿ" ಎಂದು ಕೂಗಿ, ಎದ್ದು ಚಹಾ ಕಾಯಿಸಿದೆ. 2001ರಲ್ಲಿ, 2006ರಲ್ಲಿ ಸೋತಾಗಲೂ ಇದೇ ನಡೆಯಿತು. ಆಕೆ ಅಳದಿದ್ದರೆ ಆ ಮೂರು ಬೆಳಿಗ್ಗೆ ನಾನು ಏಳುತ್ತಿರಲಿಲ್ಲ.

1998ರಲ್ಲಿ ಅನುಮತಿ ಇಲ್ಲದೆ ಸಭೆ ಮಾಡಿದ್ದಕ್ಕೆ ಇದೇ ಠಾಣೆಯಲ್ಲಿ ಹನ್ನೊಂದು ದಿನ ಇದ್ದೆ. ಹನ್ನೊಂದು ದಿನವೂ ಆಕೆ ಬಸ್ ನಿಲ್ದಾಣದಿಂದ ಎರಡೂವರೆ ಕಿಲೋಮೀಟರ್ ನಡೆದು ಮುದ್ದೆ, ಒಣಮೀನು ತಂದರು. "ಇಲಿ ಸಿಗ್ಲಿಲ್ಲ ಕಣೋ, ಮೀನಲ್ಲೇ ಸುಧಾರ್ಸ್ಕೋ" ಎನ್ನುತ್ತಿದ್ದರು.

2011ರಲ್ಲಿ ಗೆದ್ದೆ. 2013ರ ಮಾರ್ಚಿನಲ್ಲಿ ಸರ್ಕಾರ ಸಚಿವನಾಗಲು ಕರೆಯಿತು, ಪಕ್ಷ ಬಿಟ್ಟು ಹೋದೆ. ಊರಿಗೆ ನೀರು ತರಬಹುದೆಂದು ಹೋದೆ, ನೀರು ಬಂತು ಕೂಡ. ಆದರೂ ಊರವರು ನನ್ನನ್ನು ಮಾರಿಕೊಂಡವನು ಎಂದರು. ಮುಖ ತೋರಿಸಲು ನಾಚಿಕೆಯಾಗಿ ಹದಿನಾಲ್ಕು ತಿಂಗಳು ಇತ್ತ ಸುಳಿಯಲಿಲ್ಲ.

ಈ ದಿನ ಮಾರುಕಟ್ಟೆಯ ಹೊಸ ಕಟ್ಟಡ ಉದ್ಘಾಟಿಸಲು ಬಂದೆ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ, ಬಸ್ ನಿಲ್ದಾಣಕ್ಕೆ ಮೂವತ್ತು ಮೀಟರ್ ಇರುವಾಗ, ಪ್ರಿಸ್ಕಾ ಮುಖಕ್ಕೆ ಹಿಟ್ಟು ಬಳಿದುಕೊಂಡು ನನ್ನ ಕಾರಿನ ಮುಂದೆ ಅಡ್ಡ ಮಲಗಿದರು. "ನಮ್ಮ ಇಲಿ ತಿನ್ನೋನು ಸತ್ತೋದ್ನಪ್ಪೋ! ಲುಸಾಕಾದಲ್ಲಿ ಹೂತ್ಬಿಟ್ರಪ್ಪೋ!" ಎಂದು ಅತ್ತರು. ಪಕ್ಕದಲ್ಲಿ ಆಡಳಿತ ಪಕ್ಷದ ಪ್ರಾಂತ್ಯಾಧ್ಯಕ್ಷರಿದ್ದರು. ನಿಮ್ಮ ಹಳೆಯ ಪಕ್ಷದವಳೇ ಎಂದು ಕೇಳಿದರು. ಮೂರು ವಾರದ ಹಿಂದಷ್ಟೇ ಇಲ್ಲಿಗೆ ಬಂದ ಕಾನ್‌ಸ್ಟೇಬಲ್ ಕಿಟಕಿಗೆ ಬಗ್ಗಿ, "ಸರ್, ಈ ಅಜ್ಜಿ ನಿಮ್ಗೆ ಗೊತ್ತಾ?" ಎಂದರು. ನಾನು ಗಾಜು ಇಳಿಸಲಿಲ್ಲ. ಗಡಿಯಾರ ನೋಡಿಕೊಂಡೆ.

ಕಾನ್‌ಸ್ಟೇಬಲ್ ಅವರ ತಪ್ಪೇನೂ ಇಲ್ಲ. ಉತ್ತರ ಬಾರದಿದ್ದರೆ ನಮ್ಮ ತಮಾಷೆ ನಿಜವಾದ ಬೈಗುಳವೇ ಆಗುತ್ತದೆ. ಅವರು ಎತ್ತಿ ನಿಲ್ಲಿಸಿದಾಗ ಆಕೆ ಗಾಜಿನೊಳಗೆ ನನ್ನನ್ನು ನೋಡಿ ಸುಮ್ಮನಾದರು. ನನ್ನ ಉತ್ತರ ಬಾರದೆ ಆಕೆ ಅಳು ನಿಲ್ಲಿಸಿದ್ದು ಇದೇ ಮೊದಲು.

11 ಗಂಟೆ 15 ನಿಮಿಷಕ್ಕೆ ರಿಬ್ಬನ್ ಕತ್ತರಿಸಿ ಇಪ್ಪತ್ತು ನಿಮಿಷ ಮಾತಾಡಿದೆನಂತೆ. ಏನು ಮಾತಾಡಿದೆನೋ ನೆನಪಿಲ್ಲ. 12 ಗಂಟೆ 50 ನಿಮಿಷಕ್ಕೆ ಕಾರು ಬಸ್ ನಿಲ್ದಾಣದಲ್ಲೇ ಬಿಟ್ಟು ಆ ಎರಡೂವರೆ ಕಿಲೋಮೀಟರ್ ನಡೆದು ಇಲ್ಲಿಗೆ ಬಂದೆ.

ಆಕೆ ಗೋಡೆಯ ಕಡೆ ತಿರುಗಿ ಕುಳಿತಿದ್ದರು. ನಾನು ಸರಳು ಹಿಡಿದು, "ಕೋತಿ ತಿನ್ನೋಳೇ, ಬಾಯ್ಮುಚ್ಚು. ನಾನಿನ್ನೂ ಬದುಕಿದೀನಿ" ಎಂದೆ. ಆಕೆ ಬಾಯಿ ತೆರೆದೇ ಇರಲಿಲ್ಲ. ತಿರುಗದೆಯೇ, "ತಡ ಮಾಡ್ದೆ ಕಣೋ" ಎಂದರು. ನನಗೆ ಅಳು ಬಂತು. ತಡೆಯಲಿಲ್ಲ. ಆಗ ಆಕೆ ತಿರುಗಿ, "ಅಳೋದು ನನ್ನ ಕೆಲ್ಸ. ಅದನ್ನೂ ಸರ್ಕಾರ ಕಿತ್ಕೊಂತಾ?" ಎಂದು ಕೇಳಿದರು.

ಆಕೆಯ ಮೇಲೆ ನನ್ನ ದೂರಿಲ್ಲ, ದಯವಿಟ್ಟು ಈಗಲೇ ಬಿಡಬೇಕು. ಯಾರ ಹೆಸರಾದರೂ ಬರೆಯಲೇಬೇಕಿದ್ದರೆ ಗಾಜು ಇಳಿಸದವನ ಹೆಸರು ಬರೆದುಕೊಳ್ಳಿ.

ಓದಿ ಹೇಳಿದ್ದನ್ನು ಕೇಳಿದೆ. ಹೇಳಿದ್ದೆಲ್ಲ ನಿಜ, ಬಿಟ್ಟದ್ದೇನೂ ಇಲ್ಲ.

ಮ್ಟೆಂಗೊ, 9-5-2014
(ಸಹಿ) ಎಲ್ಯಾಕಿಮ್ ಜೆರೆ

ಸಾಕ್ಷಿ: ಪ್ರಿಸ್ಕಾ ಕಫ್ವಿಂಬಿ, ಎಡಗೈ ಹೆಬ್ಬೆಟ್ಟಿನ ಗುರುತು. ಆಕೆಯ ಹಟದ ಮೇರೆಗೆ ಸೇರಿಸಿದ ಮಾತು: "ಹೆಣಾನ ಮುಟ್ಟಿ ನೋಡ್ದೆ. ಬೆಚ್ಚಗಿದೆ."