ಈನಕ್ ಮುದುಕನ ಗ್ಲಾಸು

ಬಾಗಿಲು ಹಾಕಿ ಬನ್ನಿ, ಚಳಿ ಒಳಗೆ ಬರುತ್ತೆ. ಬೆಂಕಿಗೆ ಇನ್ನೆರಡು ಕಲ್ಲಿದ್ದಲು ಹಾಕಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗಬೇಡಿ. ಇದು ನನ್ನ ಚಿಕ್ಕಪ್ಪನ ಮಗ ಡೆನಿಸ್‌ಗೆ ಆದದ್ದು... ಇದೇ ಕಣಿವೆಯಲ್ಲಿ, ಕಾಲುವೆ ಪಕ್ಕದ 'ಮೂರು ಲಾಳಿ' ಪಬ್ಬಿನಲ್ಲಿ.

ಡಿಸೆಂಬರ್ ತಿಂಗಳು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೇ ಕತ್ತಲು. ಡೆನಿಸ್ ಪೇಟೆಯಿಂದ ಕಾಲುವೆ ದಂಡೆ ಹಿಡಿದು ಮನೆಗೆ ಬರುತ್ತಿದ್ದ. ಮನೆ ಅಂದರೆ ಪಬ್ಬೇ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ತೂಬಿನ ಹತ್ತಿರ ಬಂದ. ತೂಬಿನ ಬಾಗಿಲ ಸಂದಿಯಿಂದ ನೀರು ಸುರಿಯುವ ಸದ್ದು... ಝುರ್ರ್... ಝುರ್ರ್... ಅದು ಯಾವಾಗಲೂ ಇರುವುದೇ. ಅದರ ಹಿಂದೆ ಇನ್ನೊಂದು ಸದ್ದು.

ಟಕ್ ಟಕ್... ಟೊಕ್.

ಡೆನಿಸ್ ನಿಂತ.

ಟಕ್ ಟಕ್... ಟೊಕ್.

ಮರದ ಕೊಡತಿಯಿಂದ ಮರದ ಬೆಣೆಗೆ ಬಡಿಯುವ ಸದ್ದು. ಎರಡು ಮೆಲ್ಲಗೆ, ಒಂದು ಜೋರಾಗಿ. ಏಲ್ ಬಿಯರಿನ ಪೀಪಾಯಿಯ ಬೆಣೆಯನ್ನು ಹಾಗೆ ಬಡಿಯುತ್ತಿದ್ದವನು ಈ ಕಣಿವೆಯಲ್ಲಿ ಒಬ್ಬನೇ, ಈನಕ್ ಬಾಟಮ್‌ಲಿ. ಅವನನ್ನು ಹಿಂದಿನ ವಾರ ತಾನೇ ಮಣ್ಣು ಮಾಡಿ ಬಂದಿದ್ದೆವು. ಡೆನಿಸ್ ಮಾತ್ರ ಬಂದಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರುತ್ತಾನೆ?

ಯಾಕೆ ಅಂತ ಹೇಳುತ್ತೇನೆ. ಪಬ್ಬಿನ ಪಕ್ಕದ ಗೋಡೆ ಕಾಲುವೆ ಕಡೆಗಿತ್ತು. ಗೋಡೆ ತುಂಬ ಬಣ್ಣದ ಜಾಹೀರಾತು. ಬಿಳಿ ಏಪ್ರನ್ ಕಟ್ಟಿದ, ಕೆನ್ನೆ ಕೆಂಪಗಿರುವ ಹುಡುಗ. ಎತ್ತಿದ ಕೈಯಲ್ಲಿ ನೊರೆ ತುಂಬಿದ ಗ್ಲಾಸು. ಕೆಳಗೆ ದೊಡ್ಡಕ್ಷರದಲ್ಲಿ 'ದುಡಿದವನಿಗೆ ಥ್ರೆಲ್‌ಗೇಟ್ ಏಲ್'. ಆ ಹುಡುಗನೇ ಈನಕ್. ಏಲ್ ಮಾಡುವ ಥ್ರೆಲ್‌ಗೇಟ್ ಬ್ರೂವರಿಯಲ್ಲಿ ಪೀಪಾಯಿ ನೋಡಿಕೊಳ್ಳುತ್ತಿದ್ದ. ಬಣ್ಣ ಬಳಿಯುವವನು ಮಾದರಿಗೆ ಅವನನ್ನೇ ನಿಲ್ಲಿಸಿಕೊಂಡ. ಇದಕ್ಕೆ ಕೂಲಿ ಏನು ಅಂತ ಕೇಳಿದಾಗ ಬ್ರೂವರಿಯ ಹಳೇ ಯಜಮಾನ ಕೈ ಕುಲುಕಿ ಹೇಳಿದನಂತೆ, "ಬದುಕಿರೋವರೆಗೂ ದಿನಾ ಒಂದು ಗ್ಲಾಸು ನಿಂದು ಕಣೋ." ಕಾಗದ ಇಲ್ಲ, ಪತ್ರ ಇಲ್ಲ. ಇಲ್ಲಿ ಕೈ ಕುಲುಕಿದರೆ ಮುಗಿಯಿತು.

ಅವತ್ತಿನಿಂದ ಈನಕ್ ಪ್ರತಿ ಸಂಜೆ ಪಬ್ಬಿಗೆ ಬರುತ್ತಿದ್ದ. ಕೊಕ್ಕೆಯಿಂದ ತನ್ನ ತವರದ ಲೋಟ ತೆಗೆದುಕೊಂಡು, ಬೆಂಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ. ಹಲ್ಲು ಉದುರಿತು, ಬೆನ್ನು ಬಾಗಿತು. ಗೋಡೆ ಮೇಲಿನವನಿಗೆ ಮಾತ್ರ ಏನೂ ಆಗಲಿಲ್ಲ. "ಅವನ್ದೇ ಪುಣ್ಯ, ಇಷ್ಟು ವರ್ಷದಿಂದ ಕುಡೀತಿದಾನೆ, ಗ್ಲಾಸು ಖಾಲೀನೇ ಆಗಲ್ಲ!" ಅಂತ ನಗುತ್ತಿದ್ದ.

ಆಮೇಲೆ ಯಾವುದೋ ದೊಡ್ಡ ಕಂಪನಿ ಬ್ರೂವರಿಯನ್ನು ಕೊಂಡುಕೊಂಡು ಬೀಗ ಹಾಕಿತು. ಮರದ ಪೀಪಾಯಿ ಹೋಗಿ ಗ್ಯಾಸು ತುಂಬಿದ ಬಿಯರಿನ ಉಕ್ಕಿನ ಡ್ರಮ್ಮು ಬಂತು. ಜೊತೆಗೆ ಪ್ರಿಂಗಲ್ ಅಂತ ಒಬ್ಬ ಇನ್ಸ್‌ಪೆಕ್ಟರ್ ಬಂದ. ಬ್ರೂವರಿಯ ಜೊತೆ ಪಬ್ಬೂ ಕಂಪನಿಯದಾಗಿತ್ತು, ಡೆನಿಸ್ ಬರೀ ಗೇಣಿದಾರ. ಯಾರಿಗಾದರೂ ಪುಕ್ಕಟೆ ಕೊಟ್ಟದ್ದು ಕಂಡರೆ ಪಬ್ಬು ಬಿಡಿಸುತ್ತೇನೆ ಅಂದ ಪ್ರಿಂಗಲ್. ಪಬ್ಬು ಹೋದರೆ ಮನೆಯೂ ಹೋಯಿತು. ಹೆಂಡತಿ ಎಡ್ನಾ, ಎರಡು ಮಕ್ಕಳು... ಭಯ ಆಗಿತ್ತು, ಇಲ್ಲ ಅನ್ನುವುದಿಲ್ಲ. ಆದರೂ, ಎಲ್ಲರ ಎದುರಿಗೆ ಹೇಳಬೇಕಿತ್ತಾ?

"ಈನಕ್, ಇನ್ಮೇಲೆ ದುಡ್ಡು ಕೊಡ್ಬೇಕಾಗುತ್ತಪ್ಪಾ. ಕಂಪನಿ ಮಾತು, ನಂದಲ್ಲ."

"ಹೊರಗೆ ಚಳೀಲಿ ನಿಂತು ನಿಮ್ಮ ಏಲ್ ಮಾರ್ತಿರೋನು ಯಾರು ಮಗಾ?"

"ಅದು ಬರೀ ಬಣ್ಣ, ಈನಕ್."

"ಓಹೋ... ಬಣ್ಣಾನಾ."

ಅಷ್ಟೇ ಅಂದದ್ದು. ಲೋಟವನ್ನು ಕೊಕ್ಕೆಗೆ ಹಾಕಿದ, ಟೋಪಿ ಇಟ್ಟುಕೊಂಡ, ಹೋದ. ಮತ್ತೆ ಬರಲಿಲ್ಲ. ಹಿಮ ಕಟ್ಟಿದ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ತಳ್ಳಿ ನೋಡಿದರೆ ಕುರ್ಚಿಯಲ್ಲಿ ಕೂತೇ ಹೋಗಿದ್ದ. ಒಲೆ ತಣ್ಣಗಿತ್ತು. ಬಲಗೈ ಬೆರಳು ಗ್ಲಾಸು ಹಿಡಿದ ಹಾಗೆ ಮಡಚಿಕೊಂಡಿದ್ದವು, ಬಿಡಿಸಲು ಆಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನನಗೆ ಡೆನಿಸ್ ಮೇಲೆ ಇವತ್ತಿಗೂ ಸಿಟ್ಟಿದೆ.

ಸರಿ... ಸದ್ದು ಕೇಳಿದ ಡೆನಿಸ್ ಓಡಿ ಬಂದ. ಪಬ್ಬಿನಲ್ಲಿ ಗಿರಾಕಿ ಒಬ್ಬರೂ ಇಲ್ಲ, ಸದ್ದು ನೆಲಮಾಳಿಗೆಯಿಂದ. ಎಡ್ನಾ ಕೌಂಟರಿನ ಹಿಂದೆ ಬಿಳಿಚಿಕೊಂಡು ನಿಂತಿದ್ದಾಳೆ.

"ಕೆಳಗೆ ಯಾರೇ ಅದು?"

"ಶ್... ಮೆಲ್ಲಗೆ. ದೀಪ ಹಚ್ಚಿದಾಗಿಂದ ಬಡೀತಾನೇ ಇದೆ."

ಮೇಣದ ಬತ್ತಿ ಹಿಡಿದು ಇಬ್ಬರೂ ನೆಲಮಾಳಿಗೆಗೆ ಇಳಿದರು. ಸದ್ದು ನಿಂತಿತು. ಸಾಲಾಗಿ ಉಕ್ಕಿನ ಡ್ರಮ್ಮುಗಳು. ಮೂಲೆಯಲ್ಲಿ ಒಂದೇ ಒಂದು ಮರದ ಪೀಪಾಯಿ... ಥ್ರೆಲ್‌ಗೇಟ್‌ನ ಕೊನೆಯ ಏಲ್. ಬೆಣೆಯ ಮೇಲೆ ಕಂಪನಿ ಮೊಹರು ಒತ್ತಿತ್ತು. ಮರುದಿನ ಬೆಳಿಗ್ಗೆ ಪ್ರಿಂಗಲ್ ಬಂದು ಒಯ್ಯುವವನಿದ್ದ. ಪೀಪಾಯಿ ಮೇಲೆ ಕೊಡತಿ ಇತ್ತು. ಡೆನಿಸ್ ಮುಟ್ಟಿ ನೋಡಿದ. ಅಂಥ ಚಳಿಯಲ್ಲಿ ಅದರ ಹಿಡಿ ಬೆಚ್ಚಗಿತ್ತು.

"ಅವನು ಕೇಳ್ತಿರೋದು ಒಂದು ಗ್ಲಾಸು," ಎಡ್ನಾ ಪಿಸುಗುಟ್ಟಿದಳು. "ತೆಗೆದು ಕೊಟ್ಬಿಡು."

"ಮೊಹರು ಒಡೆದ್ರೆ ನಾಳೆ ನಾವು ಬೀದೀಲಿ."

"ಸತ್ತೋನಿಗೂ ಕಂಪನಿ ಕಾನೂನಾ?"

"ಗ್ಲಾಸು ತಾನೇ? ಡ್ರಮ್ಮಿಂದ ಕೊಡೋಣ. ಕತ್ತಲಲ್ಲಿ ಏನು ಗೊತ್ತಾಗುತ್ತೆ ಬಿಡೇ."

ಕೇಳಿದಿರಾ? ಜೀವನವಿಡೀ ಪೀಪಾಯಿ ಮೂಸಿದವನಿಗೆ ಏನು ಗೊತ್ತಾಗುತ್ತೆ ಅಂತೆ! ಗ್ಯಾಸು ಬಿಯರನ್ನು ಈನಕ್‌ನ ತವರದ ಲೋಟಕ್ಕೆ ಬಗ್ಗಿಸಿ, ಬೆಂಕಿ ಪಕ್ಕದ ಬೆಂಚಿನ ಮೇಲಿಟ್ಟು, ಪಬ್ಬು ಮುಚ್ಚಿದರು. ಮೇಲೆ ಹೋಗಿ ಮೆಟ್ಟಿಲ ತುದಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು.

ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ...

ಬೆಂಚು ಕಿರ್ರ್ ಅಂತು. ಯಾರೋ ಕೂತ ಹಾಗೆ.

ಲೋಟ ಮರದ ಮೇಲೆ ಸರಿದ ಸದ್ದು... ಸರ್ರ್.

ಮೂಸಿದ ಸದ್ದು. ಒಂದು ಸಲ... ಇನ್ನೊಂದು ಸಲ.

ಆಮೇಲೆ ಬೆಂಕಿಯಿಂದ ಚುಸ್ಸ್ಸ್... ಅಷ್ಟೂ ಬಿಯರನ್ನು ಕೆಂಡಕ್ಕೆ ಸುರಿದಿದ್ದ!

"ಗೊತ್ತಾಯ್ತು ಅವನಿಗೆ," ಅಂದಳು ಎಡ್ನಾ.

ನೆಲಮಾಳಿಗೆಯ ಬಾಗಿಲು ತೆರೆದುಕೊಂಡಿತು. ಮೊಳೆ ಹೊಡೆದ ಬೂಟು ಒಂದೊಂದೇ ಮೆಟ್ಟಿಲು ಇಳಿಯಿತು. ಕೊಡತಿಯ ಸದ್ದು ಬರಲಿಲ್ಲ. ಬಂದದ್ದು ಬೇರೆ. ಗುಟುಕ್... ಗುಟುಕ್... ಗುಟುಕ್... ಆತುರ ಇಲ್ಲ, ನಿಲುಗಡೆಯೂ ಇಲ್ಲ. ಬೆಳಗಾಗುವವರೆಗೂ.

ಬೆಳಿಗ್ಗೆ ಪ್ರಿಂಗಲ್ ಬಂದ, ಜೊತೆಗೆ ಇಬ್ಬರು ಗಟ್ಟಿ ಆಳುಗಳು. ಮೊಹರು ನೋಡಿದ, ಸರಿಯಾಗಿದೆ. ಬೆಣೆ ಬಿಗಿಯಾಗಿದೆ. ನೆಲ ಒಣಗಿದೆ. ಆಳುಗಳು ಬಗ್ಗಿ, ದಮ್ಮು ಕಟ್ಟಿ ಪೀಪಾಯಿ ಎತ್ತಿದರು... ಅದು ಬುಟ್ಟಿ ಎತ್ತಿದ ಹಾಗೆ ಮೇಲೆ ಬಂತು. ಇಬ್ಬರೂ ಹಿಂದಕ್ಕೆ ಬೀಳುವುದೊಂದು ಬಾಕಿ. ಒಳಗೆ ಒಂದು ಹನಿ ಇರಲಿಲ್ಲ.

"ಎಲ್ಲಿ ಹೋಯ್ತು?" ಅಂದ ಪ್ರಿಂಗಲ್.

"ನಾನಲ್ಲ ಸಾರ್... ಈನಕ್."

"ಯಾವ ಈನಕ್?"

ಡೆನಿಸ್ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಗೋಡೆ ಕಡೆ ಕೈ ತೋರಿಸಿದ. ಪ್ರಿಂಗಲ್ ತಲೆ ಎತ್ತಿ ನೋಡಿದ. ಡೆನಿಸ್‌ನನ್ನೂ ನೋಡಿದ, ಹುಚ್ಚನನ್ನು ನೋಡುವ ಹಾಗೆ.

"ಅದು ಬರೀ ಬಣ್ಣ ಕಣಯ್ಯಾ."

ಡೆನಿಸ್ ಆಗ ಗೋಡೆ ನೋಡಿದ. ತೋರಿಸಿದ ಕೈ ಹಾಗೇ ನಿಂತಿತು. ಹುಡುಗ ಇದ್ದ, ಏಪ್ರನ್ ಇತ್ತು, ಅಕ್ಷರ ಇದ್ದವು. ಎತ್ತಿದ ಕೈಯಲ್ಲಿ ಗ್ಲಾಸು ಇರಲಿಲ್ಲ. ಹಿಂದಿನ ಮಧ್ಯಾಹ್ನದವರೆಗೂ ಇತ್ತು, ನಾನೇ ಆ ದಾರಿಯಲ್ಲಿ ಹೋಗಿದ್ದೆ.

ಕ್ರಿಸ್‌ಮಸ್‌ಗೆ ಮೊದಲೇ ಅವರಿಂದ ಪಬ್ಬು ಬಿಡಿಸಿದರು. ಹಾಸಿಗೆ, ಮಕ್ಕಳು, ಪಾತ್ರೆ ಎಲ್ಲ ಕೈಗಾಡಿ ಮೇಲೆ ನನ್ನ ಮನೆಗೇ ಬಂತು. ಒಂದು ಗ್ಲಾಸು ಕೊಟ್ಟಿದ್ದರೆ ಆಗುತ್ತಿತ್ತು. ಡೆನಿಸ್ ಸಾಯುವವರೆಗೂ ಅದನ್ನೇ ಹೇಳುತ್ತಿದ್ದ, "ಒಂದೇ ಒಂದು ಗ್ಲಾಸು ಕಣೇ..."

ಆ ಗೋಡೆಗೆ ಕಂಪನಿ ಸುಣ್ಣ ಹೊಡೆಸಿತು. ಮತ್ತೆ ಮತ್ತೆ ಹೊಡೆಸಿತು. ಮಳೆ ಬಂದು ಗೋಡೆ ನೆಂದಾಗ ಹುಡುಗ ಈಗಲೂ ಎದ್ದು ಬರುತ್ತಾನೆ. ಸುಳ್ಳು ಅನ್ನುವವರು ನಾಳೆ ಹೋಗಿ ನೋಡಿ, ತೂಬಿನ ಹತ್ತಿರ ನಿಂತರೆ ಸರಿಯಾಗಿ ಕಾಣುತ್ತೆ. ಕೈ ಖಾಲಿ ಇದೆ. ಮೇಲಿನ ತುಟಿಗೆ ನೊರೆ ಅಂಟಿದೆ. ಬಣ್ಣ ಬಳಿದವನು ಅದನ್ನು ಬರೆದಿರಲಿಲ್ಲ.